ಖಾಲಿ ಬಾಟಲಿ ಕೊಡದ ಊರು

ಸಿದ್ದಮ್ಮಕ್ಕ ನನ್ನ ಟಿಫಿನ್ ಡಬ್ಬಿಯನ್ನು ಕೊನೆಯ ಸಲ ವಾಪಸು ಕೊಟ್ಟಾಗ ಅದರೊಳಗೆ ಏನಾದರೂ ಇತ್ತೋ ಇಲ್ಲವೋ, ನನಗೆ ಗೊತ್ತಿಲ್ಲ. ಗೊತ್ತಿದೆ ಎಂದು ಬಹಳ ವರ್ಷ ಅಂದುಕೊಂಡಿದ್ದೆ. ಒಂದು ಹಿಡಿ ಅವರೆಕಾಳು ಇತ್ತು ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ. ‘ಹೋದ ಸಲ ಬಟಾಣಿ ಅಂದಿದ್ರಲ್ಲ’ ಎಂದು ಹೆಂಡತಿ ಒಮ್ಮೆ ತಡೆದ ಮೇಲೆ ನನ್ನ ಮಾತಿನ ಮೇಲೆ ನನಗೇ ನಂಬಿಕೆ ಹೋಯಿತು.

ಎರಡು ವರ್ಷದ ಕೆಳಗೆ ಮೈಸೂರಿನಲ್ಲಿ ಮನೆ ಬದಲಿಸುವಾಗ ಆ ಡಬ್ಬಿ ಅಟ್ಟದಿಂದ ಇಳಿಯಿತು. ಮುಚ್ಚಳದಲ್ಲಿ ಸಣ್ಣ ತಗ್ಗು ಇರುವ, ಒಂದೇ ಖಾನೆಯ ಸ್ಟೀಲ್ ಡಬ್ಬಿ. ತೆಗೆದು ಮೂಸಿ ನೋಡಿದೆ. ಏನೂ ಇಲ್ಲ. ಸ್ಟೀಲು ಯಾವ ವಾಸನೆಯನ್ನೂ ಇಟ್ಟುಕೊಳ್ಳುವುದಿಲ್ಲ. ಆದರೂ ಆ ಇಡೀ ದಿನ ಒಂದು ಕಡೆ ಕೂರಲು ಆಗಲಿಲ್ಲ. ಪುಸ್ತಕದ ಪೆಟ್ಟಿಗೆಗಳ ನಡುವೆ ಸುಮ್ಮನೆ ಓಡಾಡಿದೆ. ಡಬ್ಬಿಯಲ್ಲಿ ಏನಿತ್ತು ಎಂಬುದು ಸಣ್ಣ ಪ್ರಶ್ನೆಯಾಗಿರಲಿಲ್ಲ. ಸಿದ್ದಮ್ಮಕ್ಕನ ಊರು, ನೀಲಗಿರಿಯ ಕೆತ್ತಿಯಲ್ಲಿ ಒಬ್ಬರ ಪಾತ್ರೆಯನ್ನು ಒಬ್ಬರು ಖಾಲಿಯಾಗಿ ವಾಪಸು ಕೊಡುವುದಿಲ್ಲ. ಕೊಟ್ಟರೆ ಅದಕ್ಕೆ ಒಂದೇ ಅರ್ಥ.

ಅದು ಎರಡು ಸಾವಿರನೇ ಇಸವಿಯೋ ಅದರ ಮರುವರ್ಷವೋ. ನೀಲಗಿರಿ ಜಿಲ್ಲೆಯಲ್ಲಿ ಪ್ಲಾಸ್ಟಿಕ್ ಬೇಡ ಎಂಬ ಮಾತು ಆಗ ಜೋರಾಗಿತ್ತು. ಕೊಯಮತ್ತೂರಿನ ಒಂದು ಕಂಪನಿ ಬೆಟ್ಟದ ಹಣ್ಣು ಕೊಂಡು ಜಾಮ್ ಮಾಡಿ ಮಾರುತ್ತಿತ್ತು. ಪ್ಲಾಸ್ಟಿಕ್ ಡಬ್ಬ ಬಿಟ್ಟು ಅಗಲ ಬಾಯಿಯ ಗಾಜಿನ ಬಾಟಲಿಗೆ ಬಂದಿದ್ದ ಅವರು ಅದೇ ಬಾಟಲಿಯನ್ನು ಮನೆಗಳಿಂದ ವಾಪಸು ತರಿಸಿ, ತೊಳೆದು, ಮತ್ತೆ ತುಂಬಬೇಕೆಂದು ಯೋಚಿಸಿದರು. ಈಗ ಇದಕ್ಕೆ ದೊಡ್ಡ ದೊಡ್ಡ ಹೆಸರುಗಳಿವೆ. ಆಗ ಮ್ಯಾನೇಜರು ಕರಿಹಲಗೆಯ ಮೇಲೆ ಒಂದು ಸೊನ್ನೆ ಬರೆದು, ‘ಹೋದದ್ದು ತಿರುಗಿ ಬರಬೇಕು, ಅಷ್ಟೇ’ ಅಂದಿದ್ದರು. ಜೂನಿನಿಂದ ಡಿಸೆಂಬರಿನವರೆಗೆ ಪ್ರಯೋಗ. ಹತ್ತು ಬಾಟಲಿ ಹೋದರೆ ಏಳು ಶುದ್ಧವಾಗಿ ತಿರುಗಿ ಬರಬೇಕು. ಬಂದರೆ ಯೋಜನೆ ಕಾಯಂ. ಇಲ್ಲದಿದ್ದರೆ ಇಲ್ಲ. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಅಲ್ಲಿ ಇಲ್ಲಿ ಅರ್ಜಿ ಹಾಕುತ್ತಿದ್ದ ನನ್ನನ್ನು, ಬಂದ ಬಾಟಲಿಗಳ ಲೆಕ್ಕ ಇಡಲು ಕೆತ್ತಿಗೆ ಕಳಿಸಿದರು.

ನಾನು ಬರೆದ ಮೊದಲ ನಮೂನೆಯನ್ನು ನೋಡಿ ಮ್ಯಾನೇಜರು ನಕ್ಕರು. ‘ಇದೇನ್ರೀ, ಏಳಾ ಎಫ್ಫಾ?’ ಇಂಗ್ಲಿಷ್ ಏಳನ್ನು ಒಂದೆಂದು ಓದಬಾರದೆಂದು ನಡುವೆ ಅಡ್ಡಗೆರೆ ಎಳೆಯುವುದನ್ನು ನಮ್ಮ ಮೇಷ್ಟ್ರೊಬ್ಬರು ಕಲಿಸಿದ್ದರು. ‘ತಪ್ಪು ಓದಬಾರದಲ್ಲ ಸಾರ್’ ಅಂದೆ. ಆ ವಯಸ್ಸಿನಲ್ಲಿ ನನಗೆ ಆ ಅಡ್ಡಗೆರೆಯ ಬಗ್ಗೆ ಸ್ವಲ್ಪ ಜಂಬವೇ ಇತ್ತು.

ಕೆತ್ತಿ ರೈಲು ನಿಲ್ದಾಣದ ಕೆಳಗಿನ ಇಳಿಜಾರಿನಲ್ಲಿ, ಹಿಂದೆ ಆಲೂಗಡ್ಡೆ ಮೂಟೆ ಇಡುತ್ತಿದ್ದ ಒಂದು ತಗಡಿನ ಶೆಡ್ಡು ನಮ್ಮ ತೊಳೆಯುವ ಜಾಗ. ಎರಡು ದೊಡ್ಡ ಹಂಡೆ, ಸೋಡಾ ಹಾಕಿದ ಬಿಸಿನೀರು, ಗೋಡೆಯುದ್ದಕ್ಕೂ ಬಾಟಲಿ ಬೋರಲು ಹಾಕುವ ಮರದ ಹಲಗೆಗಳು. ಆರು ಹೆಂಗಸರು. ಅವರ ಮುಖ್ಯಸ್ಥೆ ಸಿದ್ದಮ್ಮಕ್ಕ, ಐವತ್ತರ ಆಸುಪಾಸು, ಕೊರಳಲ್ಲಿ ಲಿಂಗದ ಕರಡಿಗೆ, ಬಲ ಮೊಣಕಾಲಿಗೆ ಸದಾ ಒಂದು ಹಳೆಯ ಉಲ್ಲನ್ ಪಟ್ಟಿ. ಇಪ್ಪತ್ತು ವರ್ಷ ಟೀ ತೋಟದ ಇಳಿಜಾರಿನಲ್ಲಿ ಲೀಫು ಕಿತ್ತು ಆ ಮೊಣಕಾಲು ಹೋಗಿತ್ತು. ‘ಇಲ್ಲಿ ಕೂತು ಮಾಡೋ ಕೆಲಸ. ಇದು ನಿಂತರೆ ಮತ್ತೆ ಗುಡ್ಡ ಹತ್ತಬೇಕು, ನನ್ನ ಕೈಲಾಗೋದಿಲ್ಲ’ ಎಂದು ಅವಳು ಮೊದಲ ವಾರವೇ ಹೇಳಿದ್ದಳು. ಉಳಿದ ಐವರನ್ನು ತೋಟಗಳಿಂದ ಬಿಡಿಸಿ ಕರೆತಂದವಳೂ ಅವಳೇ. ಅವರವರಲ್ಲಿ ಬಡಗ ಮಾತು. ನನ್ನ ಜೊತೆ ಮಾತಾಡುವಾಗ ಅದನ್ನು ಕನ್ನಡದ ಕಡೆಗೆ ಬಾಗಿಸುತ್ತಿದ್ದರು. ಇಲ್ಲಿ ನಾನು ಬರೆಯುತ್ತಿರುವುದು ನನ್ನ ಕಿವಿ ಉಳಿಸಿಕೊಂಡ ರೂಪ. ಅವರು ಹಾಗೇ ಅಂದರೆಂದು ಆಣೆ ಮಾಡಲಾರೆ.

ಮೊದಲ ಬಾಟಲಿಗಳು ಜೂನ್ ಕೊನೆಯಲ್ಲಿ ಬಂದವು. ಗಾಳಿ ತಗಡನ್ನು ಕಿತ್ತುಕೊಂಡು ಹೋಗುವ ಹಾಗೆ ಬೀಸುತ್ತಿತ್ತು. ವ್ಯಾನ್ ಓಡಿಸುತ್ತಿದ್ದ ಬೋಜಣ್ಣ ಸುತ್ತಲಿನ ಬಡಗರ ಹಟ್ಟಿಗಳ ಅಂಗಡಿಗಳಿಂದ ಪೆಟ್ಟಿಗೆ ತಂದು ಇಳಿಸಿದ. ಒಂದು ಬಾಟಲಿ ಎತ್ತಿದೆ. ಒಳಗೆ ಅವರೆಕಾಳು. ಇನ್ನೊಂದರಲ್ಲಿ ಬೆಳ್ಳುಳ್ಳಿ. ಮೂರನೆಯದರಲ್ಲಿ ಟೀ ಪುಡಿ, ನಾಲ್ಕನೆಯದರಲ್ಲಿ ಗೋಲಿ ಗಾತ್ರದ ಆಲೂಗಡ್ಡೆ.

‘ಬೋಜಣ್ಣ, ತಪ್ಪು ಪೆಟ್ಟಿಗೆ ತಂದಿದ್ದೀಯ.’

‘ತಪ್ಪು ಯಾಕೆ ಸಾರ್? ಜಾಮ್ ಬಾಟ್ಲೇ ಅಲ್ವಾ.’

‘ಇದರೊಳಗೆ ಏನೇನೋ ಇದೆಯಲ್ಲ!’

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಸಿದ್ದಮ್ಮಕ್ಕ ಗೋಣಿ ಹಾಸಿ ಕಾಳು ಬೇರೆ, ಬೆಳ್ಳುಳ್ಳಿ ಬೇರೆ ಸುರಿಯತೊಡಗಿದಳು, ಇದು ದಿನಾ ನಡೆಯುವ ಕೆಲಸವೇನೋ ಎಂಬಂತೆ. ಮಧ್ಯಾಹ್ನ ಹಂಡೆಯ ಒಲೆಯ ಮೇಲೆಯೇ ಅದರ ಸಾರಾಯಿತು. ನಾನೂ ಉಂಡೆ. ಆಮೇಲೆ ಕೈ ತೊಳೆದುಕೊಂಡು, ನಮೂನೆಯಲ್ಲಿ ಅಷ್ಟೂ ಬಾಟಲಿಗಳನ್ನು ‘ಹೊರವಸ್ತು ಇರುವುದು’ ಎಂಬ ಕಾಲಮ್ಮಿನಲ್ಲಿ ತುಂಬಿದೆ. ಆ ಕಾಲಮ್ಮಿನ ತಲೆಯ ಮೇಲೆ, ಕಂಸದಲ್ಲಿ, ‘ತಿರಸ್ಕೃತ’ ಎಂದಿತ್ತು. ನಮೂನೆ ಇಂಗ್ಲಿಷಿನದು. ಇರುವುದು ಮೂರೇ ಕಾಲಮ್ಮು: ಖಾಲಿ ಮತ್ತು ಶುದ್ಧ, ಒಡೆದದ್ದು, ಹೊರವಸ್ತು.

ಅರ್ಥ ಗೊತ್ತಾದದ್ದು ನನ್ನ ಡಬ್ಬಿಯಿಂದ. ನಾನು ಒಂಟಿ ಕೋಣೆಯಲ್ಲಿದ್ದೆ, ಅಡುಗೆ ಬರುತ್ತಿರಲಿಲ್ಲ. ಸಿದ್ದಮ್ಮಕ್ಕ ಶನಿವಾರ ಸಂಜೆ ನನ್ನ ಡಬ್ಬಿ ಒಯ್ದು ಸೋಮವಾರ ಏನಾದರೂ ಮಾಡಿ ತರುತ್ತಿದ್ದಳು. ಎರಡನೆಯ ಶನಿವಾರ ಡಬ್ಬಿ ತೊಳೆದು ಥಳಥಳ ಮಾಡಿ ಅವಳ ಕೈಗಿಟ್ಟೆ. ಅವಳು ಮುಚ್ಚಳ ತೆಗೆದು ನೋಡಿದಳು.

‘ನನ್ನ ಮೇಲೆ ಕೋಪವಾ ಸಾರ್?’

‘ಯಾಕಕ್ಕ?’

‘ಖಾಲಿ ಕೊಟ್ಟಿರಲ್ಲ. ನಮ್ಮಲ್ಲಿ ಖಾಲಿ ಕೊಟ್ಟರೆ, ನಿಮ್ಮ ಮನೆಗೂ ನಮ್ಮ ಮನೆಗೂ ಇನ್ನು ಸಾಕು ಅಂತ.’

ಬೋಜಣ್ಣ ವ್ಯಾನಿನೊಳಗಿಂದ ಕೂಗಿದ: ‘ಓದಿದವರಿಗೆ ಅದೆಲ್ಲ ಎಲ್ಲಿ ಹೇಳಿಕೊಡ್ತಾರೆ, ಬಿಡಕ್ಕ!’

ಜೇಬಿನಲ್ಲಿ ಎರಡು ಬಿಸ್ಕತ್ತಿತ್ತು. ಡಬ್ಬಿಗೆ ಹಾಕಿದೆ. ಅವಳು ಜೋರಾಗಿ ನಕ್ಕು ಮುಚ್ಚಳ ಒತ್ತಿದಳು. ಮುಂದಿನ ವಾರದಿಂದ ನಾನು ಸಾರ್ ಹೋಗಿ ‘ತಮ್ಮ’ ಆದೆ. ನೆನಪಿನಲ್ಲಿ ಇದೊಂದರ ಬಗ್ಗೆ ನನಗೆ ಅನುಮಾನವಿಲ್ಲ, ಏಕೆಂದರೆ ಆ ಹೆಸರು ಯಾವಾಗ ಹೋಯಿತೆಂಬುದೂ ನೆನಪಿದೆ.

ಜುಲೈ ತಿಂಗಳೆಲ್ಲ ಮಂಜು. ತೊಳೆದ ಬಾಟಲಿ ಒಣಗುತ್ತಿರಲಿಲ್ಲ, ಹಾಕಿದ ಅಂಗಿ ಒಣಗುತ್ತಿರಲಿಲ್ಲ, ಬರೆದ ಕಾಗದ ಬೆರಳಿಗೆ ಅಂಟುತ್ತಿತ್ತು. ನನಗೆ ಒಂದು ಕಡೆ ನಿಲ್ಲುವ ಅಭ್ಯಾಸವಿರಲಿಲ್ಲ. ಶೆಡ್ಡಿನಿಂದ ನಿಲ್ದಾಣಕ್ಕೆ, ನಿಲ್ದಾಣದಿಂದ ಶೆಡ್ಡಿಗೆ ದಿನಕ್ಕೆ ನಾಲ್ಕು ಸಲ. ಪುಟ್ಟ ರೈಲು ಮಂಜಿನೊಳಗಿಂದ ಸದ್ದಾಗಿ ಮಾತ್ರ ಬರುತ್ತಿತ್ತು, ಎಷ್ಟೋ ಹೊತ್ತಿನ ಮೇಲೆ ಕಾಣುತ್ತಿತ್ತು. ಬೇರೆ ಕೆಲಸ ಹುಡುಕಬೇಕು ಎಂದು ಪ್ರತಿ ಸಲ ಅನಿಸುತ್ತಿತ್ತು.

ಲೆಕ್ಕದಲ್ಲಿ ತಿರಸ್ಕೃತ ಎಂದಿದ್ದರೂ ತೊಳೆದ ಬಾಟಲಿಗಳೆಲ್ಲ ಕೊಯಮತ್ತೂರಿಗೆ ಹೋಗಿ ಮತ್ತೆ ತುಂಬುತ್ತಿದ್ದವು. ಆಗಸ್ಟಿನಲ್ಲಿ ಅಲ್ಲಿಂದ ದೂರು ಬಂತು: ಪ್ಲಮ್ ಜಾಮಿನಲ್ಲಿ ಬೆಳ್ಳುಳ್ಳಿ ವಾಸನೆ. ಗಾಜು ತೊಳೆದರೆ ಹೋಗುತ್ತದೆ. ಮುಚ್ಚಳದ ಒಳಗಿನ ರಬ್ಬರಿನಂಥ ಪದರ ಮಾತ್ರ ವಾಸನೆ ಕುಡಿದು ಇಟ್ಟುಕೊಳ್ಳುತ್ತದೆ, ನೀಲಗಿರಿಯ ಬೆಳ್ಳುಳ್ಳಿಯಾದರಂತೂ ಕೇಳುವುದೇ ಬೇಡ. ಮ್ಯಾನೇಜರು ಬಂದರು. ಮಸಿನಗುಡಿಯ ರೆಸಾರ್ಟುಗಳಿಂದ ಬೋಜಣ್ಣ ಕಲ್ಲಟ್ಟಿ ಘಾಟಿ ಹತ್ತಿಸಿ ತರುತ್ತಿದ್ದ ಪೆಟ್ಟಿಗೆಗಳನ್ನು ತೆರೆಸಿದರು. ಒಂದರಲ್ಲೂ ಏನೂ ಇಲ್ಲ.

‘ನೋಡಿ. ಮಸಿನಗುಡಿಯವರಿಗೆ ಬರುತ್ತೆ, ನಿಮಗೆ ಬರಲ್ವಾ?’

‘ಅಲ್ಲಿ ಯಾರಿಗೆ ಯಾರು ಏನಾಗಬೇಕು ಸಾರ್?’ ಎಂದಳು ಸಿದ್ದಮ್ಮಕ್ಕ, ಬ್ರಷ್ಷು ನಿಲ್ಲಿಸದೆ. ‘ಟೂರಿಸ್ಟು ತಿಂದ, ಅಡುಗೆಯವನು ಎಸೆದ. ಇಲ್ಲಿ ಹಾಗಲ್ಲ. ಕಂಪನಿ ಜಾಮ್ ಹಾಕಿ ಕಳಿಸ್ತದೆ, ಇವರು ಕಾಳು ಹಾಕಿ ಕಳಿಸ್ತಾರೆ.’

‘ಕಂಪನಿ ಸುಮ್ಮನೆ ಕೊಡ್ತಾ ಇಲ್ಲಮ್ಮ. ಅವರು ಕಾಸು ಕೊಟ್ಟು ಕೊಂಡದ್ದು.’

‘ಜಾಮ್ ಕೊಂಡದ್ದು. ಬಾಟ್ಲು ನಿಮ್ಮದು ಅಂತ ನೀವೇ ತಾನೇ ಚೀಟಿ ಅಂಟಿಸಿದ್ದು?’

ಮ್ಯಾನೇಜರು ನನ್ನ ಕಡೆ ತಿರುಗಿ, ಖಾಲಿ ಬಾಟಲಿ ಮಾತ್ರ ತೆಗೆದುಕೊಳ್ಳಲಾಗುವುದು ಎಂದು ಎಲ್ಲ ಹಟ್ಟಿಯ ಅಂಗಡಿಗಳಲ್ಲಿ ಬರೆದು ಹಾಕಿಸಿ ಎಂದರು. ಹಾಕಿಸಿದೆ. ತಮಿಳಿನಲ್ಲಿ, ದೊಡ್ಡ ಅಕ್ಷರದಲ್ಲಿ.

ಬಾಟಲಿ ಬರುವುದೇ ನಿಂತಿತು. ಯಾರೂ ಜಗಳವಾಡಲಿಲ್ಲ, ಯಾರೂ ಬೇಡ ಎನ್ನಲಿಲ್ಲ. ಸೆಪ್ಟೆಂಬರಿನಲ್ಲಿ ಪೇರ್ ಹಣ್ಣಿನ ಜಾಮ್ ಬಾಟಲಿಗಳು ಹೋದವು, ವ್ಯಾನು ಹಗುರವಾಗಿ ಬಂತು. ಹಂಡೆ ಕಾಯಿಸಿ ಇಟ್ಟುಕೊಂಡು ಆರು ಹೆಂಗಸರು ಕೈ ಕಟ್ಟಿ ಕೂತಿರುತ್ತಿದ್ದರು. ಸಿದ್ದಮ್ಮಕ್ಕ ಮೊಣಕಾಲಿನ ಪಟ್ಟಿ ಬಿಚ್ಚುವುದು, ಕಟ್ಟುವುದು. ಕೊನೆಗೆ ಅವಳೂ ನಾನೂ ಬೋಜಣ್ಣನ ವ್ಯಾನಿನಲ್ಲಿ ಮೇಲಿನ ಒಂದು ಹಟ್ಟಿಗೆ ಹೋದೆವು. ಮೊದಲ ಮನೆಯಲ್ಲೇ ಒಲೆಯ ಮೇಲಿನ ಹಲಗೆಯಲ್ಲಿ ನಮ್ಮ ಹನ್ನೊಂದು ಬಾಟಲಿ ಸಾಲಾಗಿ ನಿಂತಿದ್ದವು. ಮನೆಯ ಹಿರಿಯಳನ್ನು ಎಲ್ಲರೂ ಹೆತ್ತೆ ಅನ್ನುತ್ತಿದ್ದರು, ನಮ್ಮಲ್ಲಿ ಅಜ್ಜಿ ಅನ್ನುವ ಹಾಗೆ. ನಾನು ಮುಚ್ಚಳ, ವಾಸನೆ, ಶುದ್ಧತೆ ಎಲ್ಲ ವಿವರಿಸಿದೆ. ಹೆತ್ತೆ ಪೂರ್ತಿ ಕೇಳಿಸಿಕೊಂಡಳು.

‘ಬೇಕಿದ್ದರೆ ನೀನೇ ಎತ್ತಿಕೊಂಡು ಹೋಗು. ಖಾಲಿ ಬಾಟ್ಲು ನನ್ನ ಕೈಯಿಂದ ಕೊಡಿಸಬೇಡ.’

ವ್ಯಾನಿನಲ್ಲಿ ಕೆಳಗೆ ಹೊರಟೆವು. ಎರಡು ತಿರುವು ದಾಟಿದ ಮೇಲೆ ಸಿದ್ದಮ್ಮಕ್ಕ ಕೇಳಿದಳು.

‘ತಮ್ಮ, ಉಪ್ಪಿಗೆ ವಾಸನೆ ಉಂಟಾ?’

‘ಇಲ್ಲ.’

‘ನೀರಲ್ಲಿ ಪೂರಾ ಕರಗ್ತದಾ?’

‘ಕರಗುತ್ತದೆ.’

‘ಮುಚ್ಚಳಕ್ಕೆ ಹಿಡಿಯೋದಿಲ್ಲ?’

‘ಇಲ್ಲ ಅಕ್ಕ.’

‘ಹಾಗಾದರೆ ವ್ಯಾನು ತಿರುಗಿಸು ಬೋಜಣ್ಣ.’

ಬೋಜಣ್ಣ ಆ ರಸ್ತೆಯಲ್ಲಿ ವ್ಯಾನು ತಿರುಗಿಸಲು ಪಟ್ಟ ಪಾಡು, ಬೈದ ಬೈಗುಳ ಈಗಲೂ ಕಿವಿಯಲ್ಲಿದೆ. ಅವಳು ಆ ಮೊಣಕಾಲಿನಲ್ಲಿ ಹಟ್ಟಿಯ ಮನೆಮನೆ ಹತ್ತಿ ಇಳಿದಳು. ಒಂದು ಚಿಟಿಕೆ ಉಪ್ಪು ಹಾಕಿ ಕೊಡಿ, ಬೇರೇನೂ ಬೇಡ, ಖಾಲಿಯೂ ಬೇಡ. ಮುಂದಿನ ಎರಡು ವಾರ ಒಂದೊಂದು ಹಟ್ಟಿಗೂ ಹೀಗೇ ಹೋದಳು. ನಾನು ಮ್ಯಾನೇಜರಿಗೆ ಫೋನ್ ಮಾಡಿ ವಿಷಯ ಹೇಳಿದೆ. ಅವರು ‘ನೋಡೋಣ’ ಅಂದರು. ಅದನ್ನು ಒಪ್ಪಿಗೆ ಎಂದು ನಾನು ತಿಳಿದೆನೋ, ಅಲ್ಲವೆಂದು ಗೊತ್ತಿದ್ದೂ ಅವಳಿಗೆ ಹಾಗೆ ತಿಳಿಸಿದೆನೋ, ಹೇಳಲಾರೆ. ‘ಒಪ್ಪಿದ್ದಾರೆ ಅಕ್ಕ’ ಎಂದು ಹೇಳಿದ್ದಂತೂ ಹೌದು.

ಅಕ್ಟೋಬರಿನ ಮಳೆಯ ಜೊತೆ ಬಾಟಲಿಗಳು ಬರತೊಡಗಿದವು. ಪ್ರತಿಯೊಂದರ ತಳದಲ್ಲಿ ಉಪ್ಪು. ಕೆಲವರದು ಚಿಟಿಕೆ, ಕೆಲವರದು ಒಂದು ಹಿಡಿ. ಹೆತ್ತೆ ಕಲ್ಲುಪ್ಪನ್ನು ಕಾಲು ಬಾಟಲಿ ತುಂಬಿದ್ದಳು. ಉಪ್ಪಿನಿಂದಲೋ ಏನೋ ಒಳಗಿನ ಅಂಟು ಬೇಗ ಬಿಡುತ್ತಿತ್ತು. ಆದರೆ ನವೆಂಬರ್ ಕೊನೆಯಲ್ಲಿ ಹಿಮ ಬೀಳಲು ಶುರುವಾದಾಗ ಸೋಡಾ, ಉಪ್ಪು, ಚಳಿ ಮೂರೂ ಸೇರಿ ಹೆಂಗಸರ ಬೆರಳ ತುದಿಗಳು ಒಡೆದವು. ಸಿದ್ದಮ್ಮಕ್ಕ ಎಣ್ಣೆ ಹಚ್ಚಿ ಬಟ್ಟೆ ಸುತ್ತಿಕೊಂಡು ತೊಳೆದಳು. ‘ಇನ್ನು ಹದಿನೈದು ದಿನ ತಾನೇ’ ಅನ್ನುತ್ತಿದ್ದಳು. ಆ ವಾರಗಳ ನಮೂನೆಯಲ್ಲಿ ನಾನು ಬಂದ ಬಾಟಲಿಗಳ ಒಟ್ಟು ಸಂಖ್ಯೆ ಮಾತ್ರ ಬರೆದು, ಕಾಲಮ್ಮುಗಳನ್ನು ಆಮೇಲೆ ತುಂಬಿದರಾಯಿತೆಂದು ಬಿಟ್ಟಿದ್ದೆ.

ಕೊನೆಯ ದಿನ ಮ್ಯಾನೇಜರು ಬಂದರು. ಇಲ್ಲಿಂದ ಮುಂದಕ್ಕೆ ನನ್ನ ಹತ್ತಿರ ಎರಡು ನೆನಪುಗಳಿವೆ.

ಮೊದಲನೆಯದನ್ನು ನಾನು ಎಲ್ಲರಿಗೂ ಹೇಳಿದ್ದೇನೆ. ಮ್ಯಾನೇಜರು ಬಾಟಲಿ ಎತ್ತಿ ಅಲ್ಲಾಡಿಸಿ, ‘ಉಪ್ಪು ಹೊರವಸ್ತು ತಾನೇ?’ ಎಂದರು. ನಾನು ವಾದಿಸಿದೆ. ಅವರು ನನ್ನ ಕೈಯಿಂದ ನಮೂನೆಯ ಪುಸ್ತಕ ಕಸಿದು, ತಮ್ಮ ಹಸಿರು ಬಾಲ್‌ಪೆನ್ನಿನಲ್ಲಿ ಮೂರನೆಯ ಕಾಲಮ್ಮನ್ನು ತಾವೇ ತುಂಬಿದರು. ಆ ಹಸಿರು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ.

ಎರಡನೆಯದು ಯಾರಿಗೂ ಹೇಳಿಲ್ಲ, ನಾನೂ ಅಷ್ಟಾಗಿ ನೋಡಲು ಹೋಗಿಲ್ಲ. ಅದರಲ್ಲಿ ಮ್ಯಾನೇಜರು ಬಾಗಿಲಲ್ಲಿ ಟೀ ಕುಡಿಯುತ್ತಾ ನಿಂತಿದ್ದಾರೆ. ‘ನೀವೇ ಹೇಳ್ರೀ, ನೀವು ಸ್ಟ್ಯಾಟಿಸ್ಟಿಕ್ಸ್‌ನವರು. ಒಳಗೆ ಏನಾದರೂ ಇದ್ದರೆ ಅದು ಖಾಲಿಯಾ?’ ಅನ್ನುತ್ತಾರೆ. ಖಾಲಿಯಲ್ಲ. ಮೂರೇ ಕಾಲಮ್ಮು. ಕೈಯಲ್ಲಿ ಪೆನ್ನಿದೆ. ಯಾರ ಕೈಯಲ್ಲಿ ಎಂಬುದು ಮಂಜು.

ಶೆಡ್ಡು ಮುಚ್ಚಿತು. ಜನವರಿಯ ಒಂದು ಬೆಳಿಗ್ಗೆ, ಹುಲ್ಲಿನ ಮೇಲಿನ ಹಿಮ ಇನ್ನೂ ಕರಗಿರದ ಹೊತ್ತಿನಲ್ಲಿ, ನಾನು ಬಸ್ಸಿಗೆ ಕಾಯುತ್ತಿದ್ದೆ. ಸಿದ್ದಮ್ಮಕ್ಕ ಕುಂಟುತ್ತ ಬಂದು ಡಬ್ಬಿ ಕೊಟ್ಟಳು. ಬೆನ್ನಿಗೆ ಲೀಫಿನ ಬುಟ್ಟಿ ಕಟ್ಟಿದ್ದಳು.

‘ಬಸ್ಸು ಬರ್ತದೆ ಸಾರ್’ ಅಂದಳು.

ಸಾರ್. ಡಬ್ಬಿಯನ್ನು ಚೀಲಕ್ಕೆ ಹಾಕಿದೆ. ಮುಂದೆ ಯಾವಾಗ ತೆಗೆದೆನೋ, ಒಳಗೆ ಏನಿತ್ತೋ.

ಹೋದ ವರ್ಷ ಅದೇ ಡಬ್ಬಿಯಲ್ಲಿ ಮೈಸೂರ್‌ಪಾಕು ತುಂಬಿಸಿಕೊಂಡು ಕೆತ್ತಿಗೆ ಹೋದೆ. ಹೋಗುವ ಮುಂಚೆ ಮೂರು ಸಲ ಟಿಕೆಟ್ ಮಾಡಿ ಮೂರು ಸಲ ರದ್ದು ಮಾಡಿದ್ದೆ. ಶೆಡ್ಡಿನ ಜಾಗದಲ್ಲಿ ಯಾರದೋ ಮನೆ. ಸಿದ್ದಮ್ಮಕ್ಕ ತನ್ನ ಮನೆಯ ಜಗಲಿಯ ಮೇಲೆ ಬಿಸಿಲಿಗೆ ಕಾಲು ಚಾಚಿ ಕೂತಿದ್ದಳು, ಪಕ್ಕದಲ್ಲಿ ಎರಡು ಕೋಲು.

‘ಸಾರ್ ಬಂದರಾ?’ ಎಂದಳು, ಹೋದ ವಾರ ಹೋದವನು ಬಂದೆನೇನೋ ಎಂಬಂತೆ. ‘ಕೂದಲು ಎಲ್ಲಿ ಬಿಟ್ಟು ಬಂದಿರಿ?’

ಅಡುಗೆಮನೆಯಲ್ಲಿ ಕಾಫಿ ಕೊಟ್ಟಳು. ಗೋಡೆಯ ಹಲಗೆಯ ಮೇಲೆ ನಮ್ಮ ಬಾಟಲಿಗಳು, ಏಳೆಂಟು, ಕಾಳು, ಮೆಣಸು, ಉಪ್ಪು. ನಾನು ಹೇಗೋ ಧೈರ್ಯ ಮಾಡಿ ಕೇಳಿದೆ.

‘ಅಕ್ಕ, ನಾನು ಹೊರಟ ದಿನ ಡಬ್ಬಿ ಕೊಟ್ಟೆಯಲ್ಲ. ಅದರಲ್ಲಿ ಏನಿತ್ತು?’

‘ಇಷ್ಟು ವರ್ಷದ ಡಬ್ಬಿ! ನನ್ನ ಹಲ್ಲು ಯಾವಾಗ ಬಿತ್ತು ಅಂತಲೇ ನೆನಪಿಲ್ಲ.’ ಆಮೇಲೆ ಹಲಗೆಯ ಕಡೆ ಕೈ ತೋರಿಸಿ, ‘ಆ ಉಪ್ಪಿನ ಬಾಟ್ಲು ಎತ್ತಿ’ ಅಂದಳು.

ಎತ್ತಿದೆ. ಹಲಗೆಗೆ ಹಾಸಿದ್ದ ಕಾಗದ ನಮ್ಮ ನಮೂನೆಯ ಪುಸ್ತಕದ್ದು. ಕಂಪನಿ ಬಿಟ್ಟುಹೋದ ಪುಸ್ತಕದ ಹಾಳೆಗಳನ್ನು ಅವಳು ಹರಿದು ಹಾಸಿದ್ದಳು. ಹೊಗೆಗೆ ಕಂದಿದ ಕಾರ್ಬನ್ ಪ್ರತಿ, ಕೊನೆಯ ವಾರದ್ದು. ಎಲ್ಲ ಹಟ್ಟಿಗಳ ಎಲ್ಲ ಬಾಟಲಿಗಳೂ ಮೂರನೆಯ ಕಾಲಮ್ಮಿನಲ್ಲಿ. ಹಸಿರು ಪೆನ್ನಿರಲಿ, ನೀಲಿ ಪೆನ್ನಿರಲಿ, ಕಾರ್ಬನ್ನಿನಲ್ಲಿ ಬಣ್ಣ ಒಂದೇ.

‘ಏನು ಬರೆದಿದೆ ಅಂತ ಗೊತ್ತಾ ಅಕ್ಕ?’

‘ಆವತ್ತೇ ಮಗಳ ಹತ್ತಿರ ಓದಿಸಿದೆ. ನಮ್ಮ ಉಪ್ಪು ಬೇಡ ಅಂತ.’

‘ಯಾರು ಬರೆದದ್ದು ಅಂತ...’

‘ಅದು ನೀವೇ ನೋಡಿಕೊಳ್ಳಿ. ನಂಗೆ ಕಣ್ಣು ಕಾಣೋದಿಲ್ಲ.’

ಕಿಟಕಿಯ ಬೆಳಕು ಸಾಲದು, ಕನ್ನಡಕ ಸರಿಯಿಲ್ಲ, ಮನೆಯಲ್ಲಿ ಹಳೆಯ ನೋಟ್ಸಿನ ಜೊತೆ ಹೋಲಿಸಿ ನೋಡಬೇಕು ಎಂದೆಲ್ಲ ಹೇಳಿದೆ. ಅವಳು ತಲೆಯಾಡಿಸಿದಳು. ಹಾಳೆಯನ್ನು ನಾನೇ ಬಿಡಿಸಿಕೊಂಡು ಮಡಿಸಿ ಜೇಬಿಗೆ ಹಾಕಿದೆ. ಹೊರಡುವಾಗ ಅವಳು ಮೈಸೂರ್‌ಪಾಕನ್ನು ತಟ್ಟೆಗೆ ಸುರಿದುಕೊಂಡು, ಡಬ್ಬಿ ಒರೆಸಿ, ಆ ಬಾಟಲಿಯಿಂದಲೇ ಒಂದು ಹಿಡಿ ಉಪ್ಪು ಹಾಕಿ ಮುಚ್ಚಳ ಒತ್ತಿದಳು.

‘ತಗೋ ತಮ್ಮ. ಇದರಲ್ಲಿ ಏನಿತ್ತು ಅಂತ ಈ ಸಲ ಮರೀಬೇಡ.’

ಆ ಉಪ್ಪು ಇನ್ನೂ ಡಬ್ಬಿಯಲ್ಲೇ ಇದೆ. ಮನೆಗೆ ಬಂದು ಎಂ.ಎಸ್ಸಿ.ಯ ನೋಟ್ ಪುಸ್ತಕ ತೆಗೆದು, ಆ ಹಾಳೆಯ ಪಕ್ಕದಲ್ಲಿಟ್ಟು, ಹಗಲು ಬೆಳಕಿನಲ್ಲಿ ನೋಡಿದೆ. ಮೂರನೆಯ ಕಾಲಮ್ಮಿನಲ್ಲಿ ಏಳು ಎಂಬ ಅಂಕಿ ಐದು ಕಡೆ ಬಂದಿದೆ. ಐದಕ್ಕೂ ನಡುವೆ ಅಡ್ಡಗೆರೆ ಇದೆ.